ಸಪ್ಪಳ ಕೇಳುತ್ತಿದ್ದ ವೈನಿ

ಮೊನ್ನೆ ರೊಟ್ಟಿ ಪಂಚಮಿಗೆ ಬಾಜು ಮನೆಯಾಕೆ ಪ್ಲಾಸ್ಟಿಕ್ ಪ್ಯಾಕೆಟ್ಟಿನ ರೊಟ್ಟಿ ತಂದುಕೊಟ್ಟಳು. ಹುಬ್ಬಳ್ಳಿಯ ಅಂಗಡಿಯದು. ಪ್ಯಾಕೆಟ್ಟಿನ ಮೇಲೆ ಹೆಣ್ಣುಮಗಳೊಬ್ಬಳು ಒಲೆ ಮುಂದೆ ಕೂತು ನಗುವ ಚಿತ್ರ. ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುವವರು ಯಾರೂ ಹಾಗೆ ನಗುವುದಿಲ್ಲ, ಆ ಮಾತು ಬೇರೆ. ಆಕೆಯನ್ನು ಪಡಸಾಲೆಯಲ್ಲಿ ಕೂಡಿಸಿ, ಚಹಾಕ್ಕಿಡಲು ಒಳಗೆ ಬಂದು ಪ್ಯಾಕೆಟ್ ಹರಿದೆ. ಹಳೇ ಜೋಳದ ಮುಗ್ಗಲು ವಾಸನೆ ಬಂತು... ಕೈ ತಾನೇ ಒಂದು ರೊಟ್ಟಿಯನ್ನು ಕಿವಿಯ ಹತ್ತಿರ ಒಯ್ದಿತು. ಹಾಗೆ ಮಾಡುತ್ತಿದ್ದವರು ನವಲಗುಂದದಲ್ಲಿ ನಮ್ಮ ಎದುರುಮನೆಯಲ್ಲಿದ್ದ, ಸ್ವಂತ ಅತ್ತಿಗೆಯೆಂಬಂತೆ ನಾನು ಕರೆಯುತ್ತಿದ್ದ ವೈನಿ.

ನಮ್ಮ ಕಡೆ ನಾಗರ ಪಂಚಮಿಗೂ ಮುಂಚೆ ರೊಟ್ಟಿ ಪಂಚಮಿ ಬರುತ್ತದೆ. ಖಡಕ್ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಮಾಡಿ ಓಣಿಯ ಮನೆಮನೆಗೆ ಹಂಚುತ್ತೇವೆ. ಕೊಟ್ಟದ್ದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಚಲೋ ಅದಾವು ಅಂದು ಒಳಗಿಡುವುದು ರೀತಿ. ಕೊಟ್ಟವರ ಮುಂದೆಯೇ ಮುರಿದು ನೋಡುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ವೈನಿ ಮುರಿಯುತ್ತಿದ್ದರು. ಹೊಸ್ತಿಲಲ್ಲೇ ನಿಂತು, ರೊಟ್ಟಿಯನ್ನು ಕಿವಿಗೆ ಹಿಡಿದು, ಕಣ್ಣುಮುಚ್ಚಿ ಲಟಕ್ಕನೆ ಮುರಿಯುತ್ತಿದ್ದರು.

“ಹಿಟ್ಟಿಗೆ ಹಾಕೂ ನೀರು ಇನ್ನಷ್ಟ ಕುದೀಬೇಕಿತ್ರಿ. ಈ ಜ್ವಾಳ ಯಾವ ಹೊಲದ್ದು? ಎರಿದೋ, ಮಸಾರಿದೋ?”

ಕಪ್ಪು ಮಣ್ಣಿನದೋ ಕೆಂಪು ಮಣ್ಣಿನದೋ ಎಂಬುದನ್ನು ಹಬ್ಬದ ದಿನ ಯಾರು ಕೇಳುತ್ತಾರೆ! ಓಣಿಯವರು ಅವರಿಗೆ ರೊಟ್ಟಿ ಹುಚ್ಚಿ ಅಂತ ಹೆಸರಿಟ್ಟಿದ್ದರು. ಆ ದಿನ ಬಾಗಿಲು ಬಡಿದ ಸಪ್ಪಳವಾದರೆ ಸಾಕು, ಮೊಣಕಾಲು ನೋವಿನ ಅವರ ಅತ್ತೆ ಸೊಸೆಗಿಂತ ಮುಂಚೆ ಓಡಿಬರುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ವೈನಿ ಮೈದುನನ ಆಸರೆಯಲ್ಲಿದ್ದರು. ತಿನ್ನುವ ತುತ್ತಿಗೆ ಯಾರ ಮಾತೂ ಕೇಳಬಾರದು ಅಂತ ರೊಟ್ಟಿ ಮಾರಲು ಶುರುಮಾಡಿದರು. ಹುಚ್ಚಿ ಅನ್ನಿಸಿಕೊಳ್ಳುವ ಹೆದರಿಕೆಗೆ ಮೊದಮೊದಲು ತುಟಿ ಹೊಲಿದುಕೊಂಡು ಮಾರಿದರು. ವ್ಯಾಪಾರ ಏಳಲಿಲ್ಲ. ಊರಿನಲ್ಲಿ ರೊಟ್ಟಿ ಮಾರುವ ಮನೆಗಳಿಗೇನು ಬರವೇ?

ಒಂದು ದಿನ ಖಾನಾವಳಿಯ ಮಾಲೀಕನೊಬ್ಬ ಬೈಯಲಿಕ್ಕೇ ಬಂದ. ಒಯ್ದ ರೊಟ್ಟಿಯೆಲ್ಲ ಪುಡಿಪುಡಿಯಾಗಿದೆ ಅಂತ ಅವನ ತಕರಾರು. ವೈನಿಗೆ ಹೆದರಿಕೆ ಮರೆತುಹೋಯಿತು.

“ನಡುವ ಮುರದಾವೋ, ಅಂಚಿಗೆ ಮುರದಾವೋ? ಬಸ್ಸಿನಾಗ ಒಯ್ದ್ರೋ, ಗಾಡಿ ಮ್ಯಾಲೋ? ಮಲಗಿಸಿ ಇಟ್ಟಿದ್ರೇನು?”

ಬೈಯಲು ಬಂದವನು ಉತ್ತರ ಕೊಡುತ್ತಾ ಕಟ್ಟೆಯ ಮೇಲೆ ಕೂತೇಬಿಟ್ಟ. ಹೋಗುವಾಗ ದಿನದ ರೊಟ್ಟಿಯನ್ನೆಲ್ಲ ವೈನಿಯ ಹತ್ತಿರವೇ ಒಯ್ಯುವುದಾಗಿ ಹೇಳಿಹೋದ. ಅಂದಿನಿಂದ ವೈನಿ ತಮ್ಮ ಹುಚ್ಚನ್ನು ಮುಚ್ಚಿಡಲಿಲ್ಲ. ಬಂದ ಗಿರಾಕಿಯ ಕಿವಿಯ ಹತ್ತಿರವೇ ರೊಟ್ಟಿ ಮುರಿದು, “ಕೇಳ್ರಿ” ಅನ್ನುತ್ತಿದ್ದರು. ದೂರದ ಪ್ರಯಾಣಕ್ಕೊಂದು ಥರ, ಹಲ್ಲಿಲ್ಲದ ಮುದುಕರಿಗೊಂದು ಥರ, ಮದುವೆ ಮನೆಗೊಂದು ಥರ ಮಾಡಿಕೊಡುತ್ತಿದ್ದರು. ಜನ ನಗುತ್ತಲೇ ಬಂದರು, ಮತ್ತೆ ಮತ್ತೆ ಬಂದರು. ಮಧ್ಯಾಹ್ನ ನಾನೂ ಹೋಗಿ ರೊಟ್ಟಿ ಬಡಿಯುತ್ತಿದ್ದೆ. ವ್ಯಾಪಾರಕ್ಕೆ ನಯನಾಜೂಕಿನ ಮಾತು ಬೇಕು ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ವೈನಿಯನ್ನು ತಮ್ಮ ಕಾಲ ಮೇಲೆ ನಿಲ್ಲಿಸಿದ್ದು ಓಣಿ ನಕ್ಕ ಆ ಹುಚ್ಚೇ.

ವ್ಯಾಪಾರ ಬೆಳೆದದ್ದು ಕಂಡು ಮೈದುನ ಕೈಹಾಕಿದ. ಹುಬ್ಬಳ್ಳಿಯ ದೊಡ್ಡ ವ್ಯಾಪಾರಿಯೊಬ್ಬನನ್ನು ಹುಡುಕಿ ತಂದ. ಇನ್ನು ಬಾಗಿಲಲ್ಲಿ ಚಿಲ್ಲರೆ ಮಾರುವುದು ಬೇಡ ಅಂತ ಹಳೇ ಗಿರಾಕಿಗಳನ್ನೆಲ್ಲ ತಿರುಗಿಸಿ ಕಳಿಸಿದ. ವ್ಯಾಪಾರಿ ಮನೆಗೆ ಬರುವ ದಿನ ವೈನಿಗೆ ತಾಕೀತು ಮಾಡಿದ.

“ಇವತ್ತೊಂದ ದಿನ ಸುಮ್ಮನ ಕುಂದರ್ರಿ ವೈನಿ. ಮಾತು ಬೆಳ್ಳಿ, ಮೌನ ಬಂಗಾರ. ಆ ಮುರಿಯೂ ಹುಚ್ಚಾಟ ಅಂತೂ ಬ್ಯಾಡಽ ಬ್ಯಾಡ.”

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಹಂಚಿನಿಂದ ಇಳಿಸಿದ ದಿನವೇ ಪ್ಯಾಕೆಟ್ ಮಾಡಿ ಕೊಡಬೇಕು ಅಂದ ವ್ಯಾಪಾರಿ. ಆ ಥಂಡಿಯಲ್ಲಿ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ, ಚೆನ್ನಾಗಿ ಒಣಗಿಸದೆ ವೈನಿ ಎಂದೂ ಕೊಟ್ಟವರಲ್ಲ. ಅವರು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮೈದುನ ಕಣ್ಣು ಕೆಂಪಗೆ ಮಾಡಿದ್ದನ್ನೂ ನೋಡಿದೆ. ಅವರ ಕೈಯಲ್ಲಿ ಒಂದು ರೊಟ್ಟಿ ಇತ್ತು... ಮುರಿಯಲಿಲ್ಲ. ಇಡಿಯಾಗಿಯೇ ಬುಟ್ಟಿಗಿಟ್ಟು ಸೆರಗು ಸರಿಪಡಿಸಿಕೊಂಡರು.

ಹೋದ ಮಾಲೆಲ್ಲ ಬೂಷ್ಟು ಹಿಡಿದು ತಿರುಗಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ ಮೈದುನ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ವೈನಿಯ ಮೇಲೆ ಕೂಗಿದ.

“ಎಲ್ಲಾ ತಿಳದವ್ರು ನೀವು! ಆವತ್ತ ಯಾಕ ಬಾಯಿ ಬಿಡಲಿಲ್ರಿ?”

ವೈನಿ ಒಲೆಯ ಮೇಲಿನ ಹಂಚನ್ನು ಇಳಿಸಿ ಗೋಡೆಗೆ ಆನಿಸಿಟ್ಟರು. ಹಳೇ ಗಿರಾಕಿಗಳು ಅಷ್ಟರಲ್ಲಿ ಬೇರೆ ಮನೆ ಹಿಡಿದಿದ್ದರು. ನಾನು ಎಷ್ಟು ಹೇಳಿದರೂ ವೈನಿ ಮತ್ತೆ ಒಲೆ ಹಚ್ಚಲಿಲ್ಲ, ಕ್ರಮೇಣ ಮಾತೂ ಕಡಿಮೆಯಾಯಿತು. ಉಣ್ಣಲು ಕರೆದರೆ ಉಣ್ಣುತ್ತಿದ್ದರು, ಅದೂ ಎಲ್ಲರದಾದ ಮೇಲೆ. ಅತ್ತೆಗೆ ಮಾತ್ರ ಸಮಾಧಾನ. “ಈಗ ಭಾಳ ಸುಧಾರಿಸ್ಯಾಳ ನೋಡವಾ” ಅಂತ ನನ್ನ ಮುಂದೆಯೇ ಹೊಗಳಿದರು.

ಮುಂದಿನ ರೊಟ್ಟಿ ಪಂಚಮಿಗೆ ನಾನು ಬೇಕಂತಲೇ ಸರಿಯಾಗಿ ಒಣಗಿಸದ, ಮೆತ್ತನೆಯ ರೊಟ್ಟಿ ಒಯ್ದೆ. ಬೈಯಲಿ, ಮುರಿಯಲಿಕ್ಕೂ ಬಾರದ ಇದೆಂಥ ರೊಟ್ಟಿ ಅಂತ ನನ್ನ ಮುಖಕ್ಕೇ ಎಸೆಯಲಿ ಅಂತ ಆಸೆ. ವೈನಿ ಎರಡೂ ಕೈಯಲ್ಲಿ ಇಸಿದುಕೊಂಡರು. ಅದು ಮೆತ್ತಗಿದ್ದದ್ದು ಬೆರಳಿಗೆ ತಿಳಿಯದೇ ಇರಲು ಸಾಧ್ಯವೇ ಇಲ್ಲ.

“ಚಲೋ ಅದಾವು ತಂಗಿ” ಅಂದು ಒಳಗೆ ಹೋದರು.

ಅವತ್ತೇ ಅವರು ಹೋದರು ಅಂತ ನನ್ನ ಲೆಕ್ಕ. ಆಮೇಲೆ ಚಳಿಗಾಲದಲ್ಲಿ ಜ್ವರ ಬಂತು, ಆಸ್ಪತ್ರೆಗೆ ಒಯ್ದರು, ತಿರುಗಿ ಬರಲಿಲ್ಲ... ಅದೆಲ್ಲ ಊರಿನವರ ಲೆಕ್ಕ.

ಪ್ಯಾಕೆಟ್ಟಿನ ರೊಟ್ಟಿಯನ್ನು ಕಿವಿಗೆ ಹಿಡಿದೇ ಒತ್ತಿದೆ. ಸಪ್ಪಳ ಬರಲಿಲ್ಲ. ಬಾಗಿತು, ಅಷ್ಟೇ. ಪಡಸಾಲೆಯಿಂದ ಬಾಜು ಮನೆಯಾಕೆ ಕೂಗಿದಳು.

“ಹೆಂಗ ಅದಾವ್ರಿ ರೊಟ್ಟಿ?”

“ಚಲೋ ಅದಾವ್ರಿ” ಅಂದೆ.

ಚಹಾ ಉಕ್ಕಿ ಗ್ಯಾಸ್ ಒಲೆಯ ಮೇಲೆಲ್ಲ ಹರಿಯಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೊರಗೆ ಕೇಳದ ಹಾಗೆ ಅತ್ತೆ.