ಹಾಲಿನ ಮಾವನಿಗೆ ಎತ್ತಿದ ಆರತಿ

ಮೊನ್ನೆ ಮೊಮ್ಮಗಳ ಕಾಲಿಗೆ ತಿಕ್ಕೋಣ ಅಂತ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಸೂರಿನ ನಮ್ಮ ಹಳೇ ಬೀದಿ, ಜಗಲಿ ಮೇಲೆ ಕೂತು ಪಾದಕ್ಕೆ ಅದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಹಾಲಿನ ಮಾವ, ಎಲ್ಲ ಕಣ್ಣ ಮುಂದೆ ಬಂದುಬಿಟ್ಟವು...

ಇನ್ನೂ ಬ್ರಿಟಿಷರಿದ್ದ ಕಾಲ. ನಾನು ಲಂಗ ಹಾಕೋ ಹುಡುಗಿ. ಪಕ್ಕದ ಮನೆಯ ಈ ಮಾವ ದಂಡಿನ ಬಂಗಲೆಗಳಿಗೆ ಹಾಲು ಹಾಕುತ್ತಿದ್ದ. ಅವನು ನಡೆದದ್ದನ್ನು ನಾನು ನೋಡೇ ಇಲ್ಲ, ಯಾವಾಗಲೂ ಓಟವೇ. ವರ್ಷಕ್ಕೊಮ್ಮೆ ಪರೇಡ್ ಮೈದಾನದಿಂದ ನಮ್ಮ ಬೀದಿ ಹಾದು ಕೆ.ಆರ್. ಪುರಕ್ಕೆ ಹೋಗಿ ಬರುವ ದೊಡ್ಡ ಓಟ ಇರುತ್ತಿತ್ತು. ಪ್ರತಿ ಸಲವೂ ಪಟಾಲಮ್ಮಿನ ಒಬ್ಬ ಸಿಪಾಯಿ ಮೊದಲು, ನಮ್ಮ ಮಾವ ಎರಡನೆಯವನು. ಪೇಪರಿನಲ್ಲಿ ಸಿಪಾಯಿಯ ಫೋಟೋ. ಮಾವನ ಹೆಸರೂ ಇಲ್ಲ.

"ಏನಪ್ಪಾ, ಈ ಸಲಾನೂ ಅವನ ಬೆನ್ನೇ ನೋಡ್ಕೊಂಡು ಬಂದ್ಯಾ?" ಅಂತ ಬೀದಿಯವರು ರೇಗಿಸುತ್ತಿದ್ದರು.

"ಅವನ ಅಂಗಿ ಹೊಲಿಗೆಯೆಲ್ಲ ಬಾಯಿಪಾಠ ಆಗೈತೆ ಕಣ್ರಪ್ಪಾ" ಅಂತ ಮಾವ ನಗುತ್ತಿದ್ದ.

ಒಂದು ವರ್ಷ, ಮೊದಲು ಬಂದವನನ್ನು ಮದರಾಸಿನ ಓಟಕ್ಕೆ ಕಳಿಸುತ್ತೇವೆ ಅಂದರು. ಮಾವನಿಗೆ ಸಮುದ್ರ ನೋಡುವ ಆಸೆ. ಆ ಸಲ ವಾಪಸ್ ಬರುವಾಗ ನಮ್ಮ ಬೀದಿಗೆ ಮುಂದಾಗಿ ಬಂದವನು ಮಾವನೇ! ಸಿಪಾಯಿ ದೂರದಲ್ಲೂ ಕಾಣಲಿಲ್ಲ. ನಮ್ಮಜ್ಜಿಗೆ ಖುಷಿ ತಡೆಯಲಾಗಲಿಲ್ಲ. ಊರ ಕಣ್ಣೆಲ್ಲ ಇವನ ಮೇಲೆ ಬಿತ್ತಲ್ಲ ಅಂತ, ಕೆಂಪು ನೀರಿನ ಆರತಿ ತಟ್ಟೆ ಹಿಡಿದು ನಡುರಸ್ತೆಗೆ ಅಡ್ಡ ನಿಂತಳು.

"ನಿಲ್ಲೋ ಮಗಾ, ದೃಷ್ಟಿ ತೆಗೀತೀನಿ!"

"ಅಜ್ಜೀ, ಇನ್ನೂ ಮುಗ್ದಿಲ್ಲ..."

"ನಿಲ್ಲು ಅಂದ್ರೆ ನಿಲ್ಲಬೇಕು!"

ಆರತಿ ತಟ್ಟೆ ದಾಟಿ ಹೋಗುವವರು ನಮ್ಮ ಬೀದಿಯಲ್ಲಿ ಯಾರಿದ್ದರು? ಮಾವ ಏದುಸಿರು ಬಿಡುತ್ತಾ ತಲೆ ಬಗ್ಗಿಸಿ ನಿಂತ. ಬೇರೆ ಹೆಂಗಸರೂ ಕುಂಕುಮ, ಹೂವು ಹಿಡಿದು ಸುತ್ತುಗಟ್ಟಿದರು. ನಿಂತ ಕಾಲು ಹಿಡಿದುಕೊಂಡಿತು. ಅಷ್ಟರಲ್ಲಿ ಸಿಪಾಯಿ ಪಕ್ಕದಲ್ಲೇ ಹಾಯ್ದು ಹೋದ...

ಮದರಾಸಿಗೂ ಅವನೇ ಹೋದ. ಅಜ್ಜಿ ಅಳುತ್ತಾ ಊಟ ಬಿಟ್ಟು ಮಲಗಿದಳು. ಮಾವನೇ ಬಂದು, "ಅವನಿಗೆ ಯಾರೂ ಆರತಿ ಎತ್ತಲಿಲ್ಲ ಬಿಡಜ್ಜಿ. ಏಳು, ಉಣ್ಣು" ಅಂದ. ಆಮೇಲೆ ಅವನು ಓಟಕ್ಕೆ ಹೋಗಲೇ ಇಲ್ಲ. ಸಮುದ್ರವನ್ನೂ ನೋಡದೆ ತೀರಿಕೊಂಡ.

ನಿನ್ನೆ ಇಂದಿರಾನಗರದಲ್ಲಿ ಮೊಮ್ಮಗಳ ಓಟ. ಎಲ್ಲರಿಗಿಂತ ಮುಂದೆ ಬಂದಳು ನನ್ನ ಬಂಗಾರ! ಮನೆ ಮುಂದೆ ಹಾಯುವಾಗಲೇ ಆರತಿ ಎತ್ತಮ್ಮ ಅಂದಿದ್ದ ಮಗ. ನಾನು ಕೇಳಲಿಲ್ಲ. ಗೆಲ್ಲುವ ಗೆರೆಯಿಂದ ಹತ್ತು ಮಾರು ಆಚೆ ತಟ್ಟೆ ಹಿಡಿದು ನಿಂತಿದ್ದೆ. ಅವಳಿಗೆ ಎತ್ತಿ, ಅವಳು ಬಂದ ರಸ್ತೆಯ ಕಡೆ ತಿರುಗಿ ಇನ್ನೊಂದು ಸಲ ಎತ್ತಿದೆ.

"ಅದ್ಯಾರಿಗಜ್ಜಿ?"

"ನಮ್ಮ ಮಾವ ಒಬ್ಬ ಇದ್ದ ಕಣೆ," ಅಂದೆ. "ಇಲ್ಲೀತನಕ ಬರೋಕೆ ನಾವೇ ಬಿಡಲಿಲ್ಲ."