ಗದಿಗೆಪ್ಪನವರು ಕೊಯ್ದ ಹನ್ನೆರಡು ಇಲಿಗಳು

ಗದಿಗೆಪ್ಪನವರ ಕೈ ಬಲು ಹಗುರ ಎಂದು ಅಮೆರಿಕದ ಆನ್ ಆರ್ಬರಿನ ಆ ಪ್ರಯೋಗಾಲಯದಲ್ಲಿ ಎಲ್ಲರೂ ಒಪ್ಪುತ್ತಿದ್ದರು. ನರಗುಂದದ ಕಡೆಯ ಒಕ್ಕಲು ಮನೆತನದವರು. ಧಾರವಾಡದ ಕಾಲೇಜೊಂದರಲ್ಲಿ ಹತ್ತು ವರ್ಷ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದರು. ೧೯೭೧ರಲ್ಲಿ ಹೆಂಡತಿ ಶಾರದಮ್ಮನವರೊಡನೆ ಇಲ್ಲಿಗೆ ಬಂದು, ಮೈಸೂರಿನ ಡಾಕ್ಟರ್ ಜಗನ್ನಾಥರ ಸಹಾಯಕರಾಗಿ ಸೇರಿಕೊಂಡರು.

ಜಗನ್ನಾಥರನ್ನು ಕಾಡುತ್ತಿದ್ದುದು ಒಂದೇ ಪ್ರಶ್ನೆ: ಮೆದುಳಿನ ನೆರವಿಲ್ಲದೆ ಬೆನ್ನುಹುರಿ ತಾನಾಗಿಯೇ ಏನನ್ನಾದರೂ ಕಲಿಯಬಲ್ಲುದೇ? ಅದಕ್ಕಾಗಿ ಗದಿಗೆಪ್ಪನವರು ಇಲಿಗೆ ಮತ್ತು ಬರಿಸಿ, ಬೆನ್ನುಹುರಿಯನ್ನು ನಡುವೆ ಕೊಯ್ದು, ಹಿಂಗಾಲಿಗೂ ಮೆದುಳಿಗೂ ಇದ್ದ ನಂಟನ್ನು ಕಡಿಯುತ್ತಿದ್ದರು. ಮಂಗಳವಾರ ಮಧ್ಯಾಹ್ನ ಆ ಕಾಲು ಇಳಿದು ಉಪ್ಪುನೀರನ್ನು ಮುಟ್ಟಿದಾಗಲೆಲ್ಲ ವಿದ್ಯುತ್ತಿನ ಸಣ್ಣ ಪೆಟ್ಟು. ಅರ್ಧ ಗಂಟೆಯೊಳಗೆ ಕಾಲು ಮೇಲೆಯೇ ನಿಲ್ಲುತ್ತಿತ್ತು. ಪಕ್ಕದಲ್ಲಿ ಹಾಗೆಯೇ ಕೊಯ್ದ ಒಂದು ಜೊತೆಯ ಇಲಿ. ಮೊದಲಿನದಕ್ಕೆ ಪೆಟ್ಟು ಬಿದ್ದಾಗ ಇದಕ್ಕೂ ಬೀಳುವುದು, ಇದರ ಕಾಲು ಎಲ್ಲಿದ್ದರೂ ಸರಿ. ಅದು ಏನನ್ನೂ ಕಲಿಯಲಿಲ್ಲ. ಆರಕ್ಕೆ ಆರು ಜೋಡಿಗಳೂ ಹೀಗೆಯೇ ಆದವು. ಷಿಕಾಗೋದ ವಿಜ್ಞಾನಿಗಳ ಸಭೆಯಲ್ಲಿ ಇದು ಮೆಚ್ಚುಗೆಯಾದರೆ ಮೂರು ವರ್ಷದ ಅನುದಾನ. ಇಲ್ಲವಾದರೆ ಜೂನಿಗೆ ಗದಿಗೆಪ್ಪನವರ ಕೆಲಸವೂ ಮುಗಿದಂತೆ.

ಸಭೆಗೆ ಮುಂಚಿನ ಶನಿವಾರ ಜಗನ್ನಾಥರು ಇವರ ಮನೆಗೆ ಊಟಕ್ಕೆ ಬಂದರು.

“ಗಣಪ್ಪನ ವಾಹನ ಕೊಯ್ದ ಕೈ ಅದು. ಚಲೋತ್ನಂಗ ತೊಳಕೊಂಡು ರೊಟ್ಟಿ ಮುರೀರಿ,” ಎಂದು ಶಾರದಮ್ಮ ಗಂಡನನ್ನು ಕೆಣಕಿದರು.

ಜಗನ್ನಾಥರು ನಕ್ಕು, “ಷಿಕಾಗೋದಲ್ಲಿ ಒಂದ್ ಪ್ರಶ್ನೆ ಖಂಡಿತ ಕೇಳ್ತಾರೆ, ಗದಿಗೆಪ್ಪನವರೇ. ಕೊಯ್ದ ಮೇಲೆ ಬೆನ್ನುಹುರಿ ಒಂದ್ ದಿನ ಮಂಕಾಗಿರುತ್ತಲ್ಲ, ಆ ಮಂಕು ಎರಡೂ ಇಲಿಗೆ ಸಮ ಇತ್ತಾ ಅಂತ. ಎಲ್ಲಾ ಸೋಮವಾರವೇ ಆಪರೇಟ್ ಮಾಡಿದ್ದು ಅಂತ ಹೇಳ್ಬಿಡ್ತೀನಿ,” ಎಂದರು.

ಗದಿಗೆಪ್ಪನವರು ತುತ್ತನ್ನು ತಟ್ಟೆಗೆ ಇಳಿಸಿದರು. ಧಾರವಾಡದಲ್ಲಿ ಅವರು ಕೊಯ್ದದ್ದು ಕಪ್ಪೆಗಳನ್ನು; ಅವು ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಿದ್ದವು. ಇಲಿಗೆ ಒಂದು ದಿನ ಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಎದುರಿಗೆ ಶಾರದಮ್ಮ ಪಲ್ಯ ಬಡಿಸುತ್ತಿದ್ದರು.

“ಸರ್, ಸೋಮವಾರ ನಾ ಒಂದೂ ಕೊಯ್ದಿಲ್ರಿ.”

“ಮತ್ತೆ?”

“ಆರು ಇಲಿ ಐತವಾರ ಸಂಜಿಕೆ, ಇನ್ನಾರು ಮಂಗಳವಾರ ಮುಂಜಾನಿ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗಾನೂ ಇಡಂಗಿಲ್ರಿ. ಜೀವ ಇದ್ದದ್ದಕ್ಕ ಕತ್ತಿ ಹ್ಯಾಂಗ ಹಚ್ಚಲಿ? ದೇವರ ಮಾತು ಲ್ಯಾಬಿನ್ಯಾಗ ಯಾಕಂತ ಹೇಳಲಿಲ್ಲ.”

“ಮುಂದಿನ ಸಾಲಿನವು ಯಾವಾಗಿನವು?” ಮುಂದಿನ ಸಾಲಿನವೇ ಕಲಿತ ಇಲಿಗಳು.

“ಐತವಾರದ್ವು, ಆರೂ. ಮೊದಲ ಕೊಯ್ದವನ್ನ ಮುಂದ ಇಟ್ಟೆ.”

ಜಗನ್ನಾಥರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಹಾಗಾದ್ರೆ ಜೊತೆಯವು ಕಲೀಲಿಲ್ಲವೋ, ಮಂಕಾಗಿ ಬಿದ್ದಿದ್ದವೋ, ನಮಗೆ ಗೊತ್ತಿಲ್ಲ. ಆರಕ್ಕೆ ಆರೂ ಬಂದಾಗಲೇ ನಾನು ಕೇಳಬೇಕಿತ್ತು.” ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, “ಇನ್ನೊಂದು ರೊಟ್ಟಿ ಹಾಕಿ, ಆಂಟಿ,” ಎಂದರು.

“ನಿಮಗಿಂತ ಎರಡ ವರ್ಷ ಸಣ್ಣಾಕಿ ನಾನು,” ಎನ್ನುತ್ತ ಶಾರದಮ್ಮ ಬಡಿಸಿದರು.

ಸೋಮವಾರ ಬೆಳಿಗ್ಗೆ ಜಗನ್ನಾಥರು ಷಿಕಾಗೋಗೆ ಫೋನ್ ಮಾಡಿ ತಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಒಂದು ಸಂಜೆಗೆ ಆರು ಇಲಿಗಳಿಗಿಂತ ಹೆಚ್ಚು ಕೊಯ್ಯುವುದು ಆಗದ ಮಾತು. ಆದ್ದರಿಂದ ವಾರಕ್ಕೆ ಮೂರೇ ಜೋಡಿ, ಎಲ್ಲವೂ ಭಾನುವಾರ. ಯಾವುದು ಯಾವ ಸಾಲಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಎರಡು ವಾರದಲ್ಲಿ ಆರು ಜೋಡಿಗಳಾದವು. ಈ ಸಲ ಆರರಲ್ಲಿ ನಾಲ್ಕು ಜೋಡಿಗಳಲ್ಲಿ ಮಾತ್ರ ಕಲಿಯುವ ಇಲಿಯ ಕಾಲು ಮೇಲೆ ನಿಂತಿತು; ಜೊತೆಯದರ ಕಾಲು ಇಳಿಯುತ್ತಲೇ ಇತ್ತು. ಉಳಿದೆರಡರಲ್ಲಿ ಏನೂ ತಿಳಿಯಲಿಲ್ಲ. ಬೆನ್ನುಹುರಿ ಕಲಿಯುತ್ತಿರಬಹುದು ಎಂದಷ್ಟೇ ಜಗನ್ನಾಥರು ಅನುದಾನದ ಅರ್ಜಿಯಲ್ಲಿ ಬರೆದರು.

ಮೇ ತಿಂಗಳಲ್ಲಿ ಅನುದಾನದ ಕಾಗದ ಬಂದಿತು: ಮೂರಲ್ಲ, ಒಂದೇ ವರ್ಷಕ್ಕೆ. ಗದಿಗೆಪ್ಪನವರು ಮನೆಗೆ ಬಂದು ಹೆಂಡತಿಗೆ ಅದನ್ನು ಓದಿ ಹೇಳಿದರು.

“ಮುಂದಿನ ಜೂನ್ ತನಕ ಇಲ್ಲೇ ಅಂದಂಗಾತು,” ಎಂದರು ಶಾರದಮ್ಮ. “ಹಿತ್ತಲದಾಗ ಮೆಂತ್ಯೆ ಹಾಕಲೇನು ಹಂಗಾರ?”

“ಹಾಕು,” ಎಂದು ಅವರು ಸಲಿಕೆ ಹುಡುಕಲು ಎದ್ದರು.