ಸಂಜೆ ಟಿಫಿನ್ ಮತ್ತು ಸಮುದ್ರ

ಮದರಾಸಿನಲ್ಲಿ ಜನ ಸಮುದ್ರಕ್ಕೆ ಹೋಗುವ ಹೊತ್ತೆಂದರೆ ಸಂಜೆ. ಹೋಟೆಲಿನಲ್ಲಿ ಟಿಫಿನ್‌ಗೆ ಜನ ಮುಗಿಬೀಳುವ ಹೊತ್ತೂ ಅದೇ. ಹೋಟೆಲಿನವರನ್ನು ಕಟ್ಟಿಕೊಂಡ ಮೇಲೆ ಮುಗಿಯಿತು. ತಿರುವಲ್ಲಿಕ್ಕೇಣಿಯಲ್ಲಿ ಸಂಸಾರ ಹೂಡಿ ಮೂವತ್ತು ವರ್ಷವಾಗಿದೆ, ಮಾಳಿಗೆ ಹತ್ತಿದರೆ ಕಡಲು ಕಾಣುತ್ತದೆ, ಆದರೂ ನಾನು ಮತ್ತು ನನ್ನ ಗಂಡ ಜೊತೆಯಾಗಿ ಒಮ್ಮೆಯೂ ಆ ನೀರಿಗೆ ಕಾಲಿಟ್ಟವರಲ್ಲ. ಬೆಳಗಿನ ಜಾವ ಅವರು ತರಕಾರಿ ತರಲು ಕೋಯಂಬೇಡಿಗೆ ಹೊರಟರೆ ಮತ್ತೆ ಮನೆಯಲ್ಲಿ ಮುಖ ಕಾಣುವುದು ಹೋಟೆಲಿನ ಶಟರ್ ಎಳೆದ ಮೇಲೆಯೇ. "ನಾಳೆ ಹೋಗುವ" ಎಂದು ಅವರು ಹೇಳುವುದು, ನಾನು ನಂಬುವುದು, ಇದು ಮದುವೆಯಾದ ವಾರದಿಂದಲೂ ನಡೆದುಬಂದ ಪದ್ಧತಿ.

ಈ ವರ್ಷ ಮಗಳು ನಮ್ಮನ್ನು ಕೇಳದೆಯೇ ಚೆನ್ನೈ ಬಂದರಿನಿಂದ ಶ್ರೀಲಂಕಾಕ್ಕೆ ಹೋಗುವ ಪ್ರವಾಸಿ ಹಡಗಿನಲ್ಲಿ ಮೂವರಿಗೂ ಟಿಕೆಟ್ ತೆಗೆದುಬಿಟ್ಟಳು. ಮೈದುನನಿಗೆ ಹೋಟೆಲು ಒಪ್ಪಿಸಿ ಹೊರಟೆವು. ಪ್ರವಾಸದ ನಡುವೆ ಒಂದು ಹಗಲು ಪೂರ್ತಿ ಅಲ್ಲಿನ ದಡದ ಮೇಲೆ, ಬೀಚಿನಲ್ಲಿ. ಅಲ್ಲಿ ಟಿಫಿನ್ ಇಲ್ಲ, ಕೋಯಂಬೇಡು ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಇನ್ನು ಎಲ್ಲಿಗೆ ಓಡುತ್ತಾರೆ ನೋಡುವ ಎಂದುಕೊಂಡೆ. ನನಗೆ ಬೇಕಾದದ್ದು ಹೆಚ್ಚೇನಲ್ಲ, ಅವರ ಪಕ್ಕದಲ್ಲಿ ಮೊಣಕಾಲುದ್ದ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು.

ಹಡಗಿನಿಂದ ಸಣ್ಣ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಇಳಿಸಿದರು. ಏನು ಚಂದದ ಜಾಗ! ನೀರೊಳಗೆ ನಮ್ಮ ಕಾಲಿನ ಉಗುರು ಎಣಿಸಬಹುದಿತ್ತು. ನಮ್ಮ ಮರೀನಾದ ಹಾಗೆ ಕಡಲೆಯ ಸುಂಡಲ್ ಮಾರುವವರಿಲ್ಲ, ಕುದುರೆಯವರಿಲ್ಲ, ಬಲೂನಿಗೆ ಗುಂಡು ಹೊಡೆಸುವವರಿಲ್ಲ. ಮಗಳು ಅಪ್ಪನಿಗೆಂದು ಹೂವಿನ ಚಡ್ಡಿ ತಂದಿದ್ದಳು. ಅವರು ಅದನ್ನು ಹಾಕಿಕೊಂಡದ್ದೇನೋ ನಿಜ, ಮೇಲೆ ಪಂಚೆ ಉಟ್ಟುಕೊಂಡೇ ಬಂದಿದ್ದರು. ತೆಂಗಿನ ಮರದಡಿಯ ಕುರ್ಚಿಯಲ್ಲಿ ಕೂತು ಎಳನೀರು ಕುಡಿದರು, "ಗಾಳಿ ಒಳ್ಳೇದುಂಟು" ಎಂದರು. ನನಗೆ ಸ್ವರ್ಗ ಮೂರೇ ಗೇಣು.

ಅಷ್ಟರಲ್ಲಿ ಹಡಗಿನವರು ಮರಳ ಮೇಲೆ ಉದ್ದ ಮೇಜು ಹಾಕಿ ಊಟ ಜೋಡಿಸಿದರು. ಅನ್ನ ಒಂದು ತುದಿಯಲ್ಲಿ, ಸಾಂಬಾರು ಇನ್ನೊಂದು ತುದಿಯಲ್ಲಿ, ತಟ್ಟೆಗಳು ನಡುವೆ.

"ಛೆ ಛೆ, ಇದೆಂಥ ಮಾಡಿಟ್ಟಿದ್ದಾರೆ ಮಾರಾಯ್ತಿ? ಜನ ಎದುರುಬದುರು ಢಿಕ್ಕಿ ಹೊಡೀತಾರೆ."

"ಹೊಡೀಲಿ. ನೀವು ಕೂತ್ಕೊಳ್ಳಿ."

"ಒಂದೇ ನಿಮಿಷ" ಎಂದು ಎದ್ದೇ ಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗದು!

ನೋಡನೋಡುತ್ತ ತಟ್ಟೆಗಳು ತುದಿಗೆ ಬಂದವು, ಅನ್ನದ ಪಕ್ಕಕ್ಕೆ ಸಾಂಬಾರು ಬಂತು, ಇವರ ಹೆಗಲಿಗೆ ಎಲ್ಲಿಂದಲೋ ಒಂದು ಟವೆಲ್ಲೂ ಬಂತು. ಮದರಾಸಿನದೇ ಸೌಕಾರ್‌ಪೇಟೆಯ ಒಂದು ಜೈನ ಕುಟುಂಬ ನಮ್ಮ ಜೊತೆಗಿತ್ತು. ಅದರ ಅಜ್ಜಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಯಾವುದೆಂದು ತಿಳಿಯದೆ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಇವರು ಪಾತ್ರೆಗಳ ಮುಚ್ಚಳ ತೆಗೆದು ಮೂಸಿ, ಇದು ಆಗ್ತದೆ, ಅದು ಬೇಡ ಎಂದು ಆರಿಸಿ ಬಡಿಸಿದರು. ಅಜ್ಜಿ ಇವರನ್ನು ಹಡಗಿನ ಆಳೆಂದೇ ತಿಳಿದು, "ತಂಬೀ, ಕೊಂಜಂ ತಯಿರ್" ಎಂದು ತಟ್ಟೆ ಚಾಚಿದರು. ಇವರು ಓಡಿಹೋಗಿ ಮೊಸರು ತಂದರು! ಹಡಗಿನ ಅಡುಗೆಯವನಂತೂ ಇವರನ್ನು ಯಾರೋ ಮೇಲಿನ ಅಧಿಕಾರಿ ಎಂದುಕೊಂಡು ಕೈಕಟ್ಟಿ ನಿಂತಿದ್ದ.

ಮಗಳಿಗೆ ನಗು. ನನ್ನ ಕನ್ನಡ ಅವಳಿಗೆ ಎಲ್ಲ ತಿಳಿಯುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲಿ. "ವಿಡುಮ್ಮಾ, ಅಪ್ಪಾಕ್ಕು ಅದುದಾನ್ ಹಾಲಿಡೇ."

ಅಪ್ಪನಿಗೆ ಅದೇ ರಜೆಯಂತೆ! "ಹಾಗಾದ್ರೆ ನನ್ನ ರಜೆ ಎಲ್ಲುಂಟು?" ಎಂದು ಅವಳ ಮೇಲೇ ಹಾರಿದೆ.

ಊಟದ ಹೊತ್ತು ದಾಟಿ, ಜನ ಮರದಡಿ ಮಲಗಿ ಎದ್ದದ್ದೂ ಆಯಿತು. ಇವರು ಇನ್ನೂ ಅಲ್ಲಿ ಚಹಾಕ್ಕೆ ಲೋಟ ಜೋಡಿಸುತ್ತಿದ್ದರು. ನಾಲ್ಕಕ್ಕೆ ಸೀಟಿ ಹೊಡೆಯುತ್ತೇವೆ, ಆಗ ಎಲ್ಲರೂ ದೋಣಿ ಹತ್ತಬೇಕು ಎಂದು ಹಡಗಿನವರು ಮೊದಲೇ ಹೇಳಿದ್ದರು. ನಾನೊಬ್ಬಳೇ ನೀರಿಗಿಳಿದು ನಿಂತು, "ಕೇಳ್ತಾ? ಬನ್ನಿ ಮಾರಾಯ್ರೆ!" ಎಂದು ಕೂಗಿದೆ. "ಬಂದೆ, ಬಂದೆ" ಎಂದು ಕೈ ಬೀಸಿದರು. ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ಮೈಯೆಲ್ಲ ಉರಿಯಿತು, ಅಳುವೂ ಬಂತು.

ಆಗ ಹೊಳೆಯಿತು. ಹೆಂಡತಿ ಕೂಗಿದರೆ ಕಾಯಿಸಬಹುದು, ಗಿರಾಕಿಯನ್ನು ಕಾಯಿಸಲಿಕ್ಕಾಗುವುದಿಲ್ಲ. ಮೀಸೆ ಮೂಡುವ ಮುಂಚೆ ಉಡುಪಿ ಕಡೆಯಿಂದ ಬಂದು ಇದೇ ಮದರಾಸಿನ ಹೋಟೆಲೊಂದರಲ್ಲಿ ಸಪ್ಲೈಗೆ ನಿಂತವರು ನನ್ನ ಗಂಡ. ಹೆಸರು ಹಿಡಿದು ಕೂಡ ಅವರನ್ನು ಕರೆಯದ ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

"ಏ ಮಾಣೀ! ಇಲ್ಲಿ ಕೇಳುವವರು ಯಾರೂ ಇಲ್ವಾ?"

"ಬಂದೇ!"

ಬಂದೇಬಿಟ್ಟರು! ಎರಡು ಲೋಟ ನೀರು ಹಿಡಿದು ಮರಳಿನಲ್ಲಿ ಓಡುತ್ತ, ಪಂಚೆ ನೆನೆಯುವುದೂ ಗೊತ್ತಾಗದೆ ಮೊಣಕಾಲುದ್ದ ಸಮುದ್ರಕ್ಕೆ ಇಳಿದು, "ಎಂಥ ಕೊಡ್ಲಿ?" ಎಂದರು. ಆಮೇಲೆ ನನ್ನ ಮುಖ ನೋಡಿದರು. ಕೈಯಲ್ಲಿದ್ದ ನೀರು ನೋಡಿದರು, ಸುತ್ತಲಿದ್ದ ನೀರು ನೋಡಿದರು. ಅಯ್ಯೋ, ನಾಲ್ಕು ಜನರೆದುರು ಮಾಣಿ ಅಂದುಬಿಟ್ಟೆನಲ್ಲ! ಅವರೋ ಲೋಟದ ನೀರೆಲ್ಲ ತುಳುಕುವ ಹಾಗೆ ನಕ್ಕರು.

"ಹಾಗೆ ಕರೆಸಿಕೊಳ್ಳದೆ ಎಷ್ಟು ಕಾಲ ಆಯ್ತು ಮಾರಾಯ್ತಿ! ಎಂಥ ಬೇಕು, ಹೇಳು."

"ಎಂಥದೂ ಬೇಡ. ಹೀಗೇ ನಿಲ್ಲಿ, ಸಾಕು."

ನಿಂತರು. ಅಲೆ ಬಂದು ಹಿಂದೆ ಸರಿಯುವಾಗ ಪಾದದಡಿಯ ಮರಳು ಜಾರಿತು. ಒಂದು ಲೋಟ ನಾನು ತೆಗೆದುಕೊಂಡೆ, ಖಾಲಿಯಾದ ಆ ಕೈಯಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. ಮಗಳು ನೋಡುತ್ತಿದ್ದಳು, ನೋಡಲಿ. ನನಗೆ ಸಂತೋಷವಾಗಿತ್ತು, ಅಷ್ಟೇ.

ಅಷ್ಟರಲ್ಲಿ ಸೀಟಿ ಹೊಡೆದರು. ದಡದಲ್ಲಿ ಜನ ಚಪ್ಪಲಿ ಹುಡುಕತೊಡಗಿದರು. "ಅಪ್ಪಾ, ವಾಂಗೋ!" ಎಂದು ಮಗಳು ಕರೆದಳು. ಇಷ್ಟೇ ನನ್ನ ಪಾಲಿಗೆ ಎಂದುಕೊಂಡು ದಡದ ಕಡೆ ತಿರುಗಿದೆ. ಅವರು ಕೈ ಬಿಡಲಿಲ್ಲ.

"ಎಲ್ಲಿಗೆ ಹೊರಟೆ? ಇಷ್ಟು ವರ್ಷ ನೀನು ಕಾದಿದ್ದಿ. ಇವತ್ತು ದೋಣಿಯವರು ಸ್ವಲ್ಪ ಕಾಯಲಿ."